ಉಡಿಯ ಕಾಳು

ಮಧ್ಯಾಹ್ನದ ಮೂರೂವರೆ ಎಂಬುದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಕಷ್ಟದ ಹೊತ್ತು. ಬ್ಯಾಂಕಿನ ಕೌಂಟರಿನಲ್ಲಿರಲಿ, ಶಾಲೆಯ ಕೊನೆಯ ಪಿರಿಯಡ್ಡಿನಲ್ಲಿರಲಿ, ತಾಲೂಕು ಕಚೇರಿಯ ಫೈಲುಗಳ ನಡುವೆ ಇರಲಿ, ಆ ಹೊತ್ತಿಗೆ ಕಣ್ಣು ಜಡವಾಗುತ್ತದೆ, ಮಾತು ಸಿಡುಕಾಗುತ್ತದೆ, ಕೈ ತಾನಾಗಿಯೇ ಚಹಾದ ಕಡೆ ಹೋಗುತ್ತದೆ. ಚಹಾದ ಹಿಂದೆ ಬಿಸ್ಕೀಟು ಬರುತ್ತದೆ, ಇಲ್ಲವೆ ಎದುರಿನ ಹೋಟೆಲಿನಿಂದ ಬಿಸಿಬಿಸಿ ಮಿರ್ಚಿ ಬರುತ್ತದೆ. ತಿಂದಾದ ಮೇಲೆ ‘ನನಗೆ ಬಾಯಿ ಕಟ್ಟುವುದೇ ಬರುವುದಿಲ್ಲ ನೋಡ್ರಿ’ ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರು ಬಹಳ ಮಂದಿ. ಹಸಿವನ್ನು ಬಾಯಿಚಪಲವೆಂದು ತಿಳಿಯುವುದು ನಮ್ಮ ಹೆಂಗಸರಿಗೆ ಅಂಟಿಕೊಂಡು ಬಂದ ರೂಢಿ. ಆದರೆ ಈ ಇಳಿಹೊತ್ತಿನ ಹಸಿವಿಗೆ ತನ್ನದೇ ಆದ ಒಂದು ಚರಿತ್ರೆ ಇದೆ. ಅದನ್ನು ತಿಳಿಯಲು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯನ್ನೊಮ್ಮೆ ನೋಡಿ ಬರಬೇಕು.

ಈ ಸೀಮೆಯ ಹೆಸರು ಇತಿಹಾಸದ ಪುಸ್ತಕ ಸೇರಿದ್ದು ಮಸ್ಕಿಯ ಬಂಡೆಯಿಂದ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಕೆತ್ತಿತ್ತು; ಅದುವರೆಗೆ ಬೇರೆ ಶಾಸನಗಳಲ್ಲಿ ಕಂಡ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಉತ್ತರ ದೊರೆಯಿತು. ರಾಜರ ಹೆಸರನ್ನು ಕಲ್ಲು ಉಳಿಸಿಕೊಳ್ಳುತ್ತದೆ. ಒಲೆಯ ಮುಂದೆ ಕುಳಿತವರ ಕಥೆ ಉಳಿಯುವುದು ಬೂದಿಯಲ್ಲಿ.

ಸಿಂಧನೂರು ತಾಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಊರು. ಹೊಳೆಯ ಆಚೆ ದಡ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕು. ಆ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರು ನೆಲ ಅಗೆಸಿದಾಗ ನೂತನ ಶಿಲಾಯುಗದ ಜನರ ಮನೆಗಳು ಕಂಡವು, ಬೀಸುವ ಕಲ್ಲುಗಳು ಕಂಡವು, ಸುಟ್ಟು ಕರಿಯಾದ ಹುರುಳಿಕಾಳೂ ಕಂಡಿತು. ಮುಂದೆ ಬಳ್ಳಾರಿಯ ಸಂಗನಕಲ್ಲು ಮೊದಲಾದ ಕಡೆ ಬೂದಿ-ಮಣ್ಣನ್ನು ನೀರಿನಲ್ಲಿ ತೇಲಿಸಿ ಕಾಳುಗಳನ್ನು ಬೇರ್ಪಡಿಸಿ ನೋಡಿದ ವಿದ್ವಾಂಸರು, ನಾಲ್ಕು ಸಾವಿರ ವರ್ಷಗಳ ಹಿಂದೆ ಈ ನಾಡಿನ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ಅದರಂಥ ಇನ್ನೊಂದು ಸಣ್ಣ ಧಾನ್ಯ ಎಂದು ಹೇಳಿದರು. ಜೋಳ ಆಮೇಲೆ ಆಫ್ರಿಕದ ಕಡೆಯಿಂದ ಬಂತು. ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದವು. ಅವು ನಮ್ಮಲ್ಲಿಗೆ ಬಂದು ಐದು ನೂರು ವರ್ಷವಷ್ಟೇ. ನಾವು ‘ನಮ್ಮದು’ ಎನ್ನುವ ಅಡಿಗೆಮನೆಗೆ ಒಬ್ಬೊಬ್ಬರಾಗಿ ಬಂದವರೇ ಎಲ್ಲರೂ. ಹೆಸರು-ಹುರುಳಿಯ ಗುಗ್ಗರಿ ಮಾತ್ರ ಎಲ್ಲಕ್ಕಿಂತ ಹಿರಿಯಳು.

ಹೊಲದ ಕೆಲಸದ ದಿನಕ್ಕೆ ಗಡಿಯಾರವಿರಲಿಲ್ಲ, ಆದರೆ ಉಣ್ಣುವ ಹೊತ್ತು ಇತ್ತು. ನಸುಕಿನಲ್ಲಿ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೋದರೆ ಮಧ್ಯಾಹ್ನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು: ಜೋಳದ ರೊಟ್ಟಿ ಇಲ್ಲವೆ ಕಟಕ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ, ಮಜ್ಜಿಗೆ. ಇಷ್ಟಾದ ಮೇಲೂ ಹೊತ್ತು ಮುಳುಗುವ ತನಕ ದುಡಿಮೆ ಇತ್ತು. ಆ ನಡುವಿನ ಹಸಿವಿಗೆ ಇದ್ದದ್ದು ಉಡಿ. ಸೀರೆಯ ಸೆರಗನ್ನು ಮುಂದೆ ಸಿಕ್ಕಿಸಿಕೊಂಡರೆ ಅದೇ ಚೀಲ. ಅದರಲ್ಲಿ ಒಂದು ಹಿಡಿ ಹುರಿದ ಶೇಂಗಾ, ಪುಟಾಣಿ, ಒಂದು ತುಣುಕು ಬೆಲ್ಲ. ಹಿಂಗಾರಿ ಜೋಳ ಹಾಲುಗಾಳಾದಾಗ ಹೊಲದಲ್ಲೇ ತೆನೆ ಸುಟ್ಟು ತಿಕ್ಕಿದ ಸೀತನಿ, ಕಡಲೆಯ ಕಾಲಕ್ಕೆ ಹಸಿ ಕಡಲೆ. ಪಂಚಮಿಯಲ್ಲಿ ಜೋಳದ ಅಳ್ಳು, ಅಳ್ಳಿಟ್ಟು, ಎಳ್ಳುಂಡಿ. ಮಗಳು ಗಂಡನ ಮನೆಗೆ ಹೊರಟಾಗ ನಾವು ಇಂದಿಗೂ ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಪುಟಾಣಿ ಹಾಕುತ್ತೇವೆ. ಹೆಣ್ಣಿನ ಉಡಿ ಬರಿದಿರಬಾರದು ಎಂಬ ಆ ಹಾರೈಕೆಯ ಹಿಂದೆ ದಾರಿಯಲ್ಲಿ ಹಸಿದಾಳು ಎಂಬ ತಾಯಿಯ ಕಾಳಜಿಯೂ ಇದ್ದಿರಬೇಕೆಂದು ನನಗೆ ಅನಿಸುತ್ತದೆ.

ಹಾಗೆಂದು ಹಿಂದಿನ ಕಾಲವೆಲ್ಲ ಸುಗ್ಗಿಯಾಗಿತ್ತು ಎಂದು ಯಾರೂ ತಿಳಿಯಬಾರದು. ಬರಗಾಲ ಈ ಸೀಮೆಗೆ ನೆಂಟನಂತೆ ಮತ್ತೆ ಮತ್ತೆ ಬಂದಿದೆ. 1876-78ರ ಬರದಲ್ಲಿ, ಆಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆ ನಲುಗಿ ಹೋಯಿತು. ಬರಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊತ್ತವರಿಗೆ ಕೊಡುವ ಕೂಲಿಯನ್ನು 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಇಳಿಸಿದ. ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಪುಡಿಗಾಸು. ಹೆಂಗಸರಿಗೆ ಅದಕ್ಕಿಂತಲೂ ಕಡಿಮೆ. ಮದ್ರಾಸಿನ ಆರೋಗ್ಯ ಕಮಿಷನರ್ ಡಬ್ಲ್ಯು.ಆರ್. ಕಾರ್ನಿಶ್ ಇದನ್ನು ವಿರೋಧಿಸಿದರು. ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಬರಿ ಧಾನ್ಯ ಸಾಲದು, ಬೇಳೆಕಾಳು ಕಾಯಿಪಲ್ಲೆಗಳೂ ಬೇಕು ಎಂದು ವಾದಿಸಿದರು. ಹೊಟ್ಟೆ ತುಂಬುವುದು ಬೇರೆ, ಮೈಗೆ ಬಲ ಬರುವುದು ಬೇರೆ ಎಂಬ ಮಾತು ಅಂದು ಸರಕಾರದ ಕಾಗದಪತ್ರಗಳಲ್ಲಿ ಜಗಳವಾಯಿತು. ಮಣ್ಣು ಹೊರುವ ಹೆಂಗಸರಿಗೆ ಆ ವ್ಯತ್ಯಾಸ ಯಾರೂ ಹೇಳದೆಯೇ ಗೊತ್ತಿದ್ದೀತು.

ನಮ್ಮ ಸೀಮೆಯ ತಾಟು ಬದಲಾದದ್ದು ನೀರು ಬಂದ ಮೇಲೆ. 1945ರ ಫೆಬ್ರವರಿಯಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಎಡದಂಡೆ ಆಗ ನಿಜಾಮರ ಸಂಸ್ಥಾನ, ಬಲದಂಡೆ ಮದ್ರಾಸ್ ಪ್ರಾಂತ. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿತು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಇದು ಬಹುಪಾಲು ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಿದ ಕಾಲುವೆ. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಗದ್ದೆ ಬೇಸಾಯ ತಂದರು, ನಮ್ಮವರೂ ಕಲಿತರು, ಎರಿ ಹೊಲಗಳು ಗದ್ದೆಗಳಾದವು. ಮೇಲಿನವರು ಭತ್ತ ಹಚ್ಚಿದ್ದರಿಂದ ಕಾಲುವೆಯ ಕೊನೆಯ ಭಾಗದವರು ನೀರಿಗಾಗಿ ಇಂದಿಗೂ ಹೊಡೆದಾಡುತ್ತಾರೆ. ಗಂಗಾವತಿ-ಸಿಂಧನೂರಿನ ಸೋನಾಮಸೂರಿ ಎಲ್ಲ ಕಡೆ ಹೋಯಿತು. ಹಬ್ಬದ ದಿನ ಮಾತ್ರ ಉಣ್ಣುತ್ತಿದ್ದ ಅನ್ನ ದಿನದ ಊಟವಾಯಿತು. ಅದು ಏಳಿಗೆಯೇ, ಬರದ ಭಯ ಕಡಿಮೆಯಾಯಿತು. ಆದರೆ ಜೋಳದ ಹೊಲ ಹೋದಾಗ ಜೋಳವೊಂದೇ ಹೋಗಲಿಲ್ಲ. ಅದರ ಸಾಲಿನ ನಡುವೆ ಅಕ್ಕಡಿ ಹಾಕುತ್ತಿದ್ದ ಹೆಸರು, ಅಲಸಂದಿ, ಮಡಕಿ, ಬದುವಿನ ಪುಂಡಿ, ಗುರೆಳ್ಳು ಎಲ್ಲವೂ ಹೋದವು. ಗದ್ದೆಯಲ್ಲಿ ನಾಟಿ ಹಚ್ಚುವಾಕೆ ಉಡಿಗೆ ಹಾಕಿಕೊಳ್ಳಲು ಗದ್ದೆಯಲ್ಲೇನೂ ಬೆಳೆಯುವುದಿಲ್ಲ. ಉಡಿಯ ಕಾಳು ಅಂಗಡಿಯ ಸಾಮಾನಾಯಿತು.

ಇನ್ನೊಂದು ಕಡೆಯಿಂದ ಚಹಾ ಬಂತು. ಚಹಾ ನಮ್ಮ ಅಜ್ಜಿ-ಮುತ್ತಜ್ಜಿಯರ ಪಾನೀಯವಲ್ಲ. 1903ರಲ್ಲಿ ಬ್ರಿಟಿಷ್ ಸರಕಾರ ಚಹಾದ ಮೇಲೆ ಸೆಸ್ ಹಾಕುವ ಕಾನೂನು ಮಾಡಿತು. ಆ ಹಣದಿಂದ ಮುಂದಿನ ದಶಕಗಳಲ್ಲಿ ರೈಲು ನಿಲ್ದಾಣ, ಗಿರಣಿ, ಸಂತೆಗಳಲ್ಲಿ ಚಹಾ ಹಂಚಿ, ಮಾಡುವ ಬಗೆ ತೋರಿಸಿ, ದಣಿದವರಿಗೆ ಇದೇ ಮದ್ದು ಎಂದು ಪ್ರಚಾರ ಮಾಡಿದರು. ಕೂಲಿಕಾರರಿಗೆ ಚಹಾ ಬಿಡುವು ಕೊಟ್ಟರೆ ಕೆಲಸ ಹೆಚ್ಚಾಗುತ್ತದೆ ಎಂದು ಗಿರಣಿ ಮಾಲೀಕರಿಗೆ ತಿಳಿಹೇಳಿದರು. ಪ್ರಚಾರ ಗೆದ್ದಿತು. ಸಕ್ಕರೆ ಹಾಕಿದ ಚಹಾ ಹಸಿವನ್ನು ಅರ್ಧ ಗಂಟೆ ಮರೆಸುತ್ತದೆ, ನೀಗುವುದಿಲ್ಲ. ದಿನದ ಸಕ್ಕರೆ ಸುಮಾರು 25 ಗ್ರಾಂ, ಅಂದರೆ ಆರು ಚಮಚೆಯೊಳಗೆ ಇದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡೆರಡು ಚಮಚೆ ಸಕ್ಕರೆಯ ಮೂರು ಚಹಾಕ್ಕೆ ಆ ಲೆಕ್ಕ ಮುಗಿಯಿತು; ಬಿಸ್ಕೀಟಿನದು ಬೇರೆ.

ಈಗ ಮೂರೂವರೆಯ ಜಡಕ್ಕೆ ಕಾರಣ ಕಂಡೀತು. ಮುಂಜಾನೆ ಎಲ್ಲರಿಗೂ ಬಡಿಸಿ, ಮಕ್ಕಳ ಡಬ್ಬಿ ಕಟ್ಟಿ, ತಾನು ನಿಂತುಕೊಂಡೇ ಎರಡು ತುತ್ತು ತಿಂದು ಬಸ್ಸು ಹಿಡಿದಾಕೆ ಒಂದು ಗಂಟೆಗೆ ಡಬ್ಬಿಯ ಅನ್ನ-ಸಾರು ಉಣ್ಣುತ್ತಾಳೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಮಿಗೆ ನಾರು ಮೂರು ಗ್ರಾಮಿನಷ್ಟು, ಜೋಳದಲ್ಲಿ ಹತ್ತು. ನಾರು ಕಡಿಮೆಯಾದ ಊಟ ಬೇಗ ಕರಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅಷ್ಟೇ ಬೇಗ ಇಳಿಸುತ್ತದೆ. ಇಳಿದಾಗ ಮೈ ಸಿಹಿಯನ್ನು ಕೇಳುತ್ತದೆ. ಆಗ ಸಿಹಿ ಕೊಟ್ಟರೆ ಮತ್ತೆ ಅದೇ ಏರು, ಅದೇ ಇಳಿವು. ನಮ್ಮ ಹೆಂಗಸರ ಮನಸ್ಸು ದುರ್ಬಲವಾಗಿಲ್ಲ. ಅವರ ದಿನದಿಂದ ಒಂದು ಸಣ್ಣ ಊಟ ಕಳಚಿ ಬಿದ್ದಿದೆ.

ದುಡಿಯುವವರ ಹಸಿವಿಗೆ ಕಾನೂನೂ ತಡವಾಗಿಯಾದರೂ ಕಣ್ಣು ತೆರೆಯಿತು. 1948ರ ಕಾರ್ಖಾನೆ ಕಾಯ್ದೆ, ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, 250ಕ್ಕೂ ಮೀರಿ ಕೆಲಸಗಾರರಿದ್ದಲ್ಲಿ ಕ್ಯಾಂಟೀನು ಇರಬೇಕು ಎಂದಿತು. 2002ರಲ್ಲಿ ರಾಯಚೂರೂ ಸೇರಿದಂತೆ ರಾಜ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂದು ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಸಿಕ್ಕಿತು. 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಯ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಹತ್ತಿದರು. ಎಲ್ಲವೂ ಒಳ್ಳೆಯ ಕೆಲಸ. ಆದರೆ ಆ ಬಿಸಿಯೂಟ ಬೇಯಿಸುವಾಕೆ, ಪಾಠ ಹೇಳುವಾಕೆ, ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ತೋರಿಸುವಾಕೆ ಇಳಿಹೊತ್ತಿಗೆ ಏನು ತಿಂದಳು ಎಂದು ಕೇಳುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತು. ‘ಯಾಕೋ ಸುಸ್ತು’ ಎಂದು ನಾವು ನಕ್ಕು ಬಿಡುವ ಮಾತಿನ ಹಿಂದೆ ಈ ಲೆಕ್ಕವಿದೆ.

ಹಾಗಾದರೆ ಮಾಡುವುದೇನು? ಹೊಸದೇನೂ ಬೇಡ. ಪರ್ಸಿನಲ್ಲಿ ಒಂದು ಚಿಕ್ಕ ಡಬ್ಬಿ ಸಾಕು. ಒಂದು ಹಿಡಿ, ಅಂದರೆ 30 ಗ್ರಾಮಿನಷ್ಟು, ಹುರಿದ ಶೇಂಗಾ-ಪುಟಾಣಿ. ಶೇಂಗಾದ ತೂಕದಲ್ಲಿ ಸುಮಾರು ಕಾಲುಭಾಗ, ಪುಟಾಣಿಯಲ್ಲಿ ಐದನೇ ಒಂದು ಭಾಗ ಪ್ರೋಟೀನು. ಶೇಂಗಾದಲ್ಲಿ ಎಣ್ಣೆಯೂ ಹೆಚ್ಚು, ಆದ್ದರಿಂದ ಹಿಡಿ ಹಿಡಿಯಾಗಿಯೇ ಇರಲಿ, ಬೊಗಸೆಯಾಗದಿರಲಿ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟ ಮಡಕಿ ಅಥವಾ ಹೆಸರುಕಾಳನ್ನು ಮೊಳಕೆ ಬಂದ ಮೇಲೆ ಬೇಯಿಸಿ, ಉಪ್ಪು, ಉಳ್ಳಾಗಡ್ಡಿ ಹಾಕಿ, ಲಿಂಬೆಹಣ್ಣು ಹಿಂಡಿದರೆ ಗುಗ್ಗರಿ. ಲಿಂಬೆಯ ಹುಳಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಚಹಾ ಅದನ್ನು ತಡೆಯುತ್ತದೆ. ಅದಕ್ಕೇ ತಿಂದು ಒಂದು ತಾಸು ಬಿಟ್ಟು ಚಹಾ ಕುಡಿಯುವುದು ಒಳ್ಳೆಯದು. ಅರ್ಧ ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಸವರಿಕೊಂಡರೂ ಆದೀತು. ಕಾಲಕ್ಕೆ ತಕ್ಕಂತೆ ಒಂದು ಪೇರಲ, ಒಂದು ಬಾಳೆಹಣ್ಣು, ಬೇಸಿಗೆಯಲ್ಲಿ ಬಾಟಲಿ ತುಂಬ ತೆಳು ಮಜ್ಜಿಗೆ. ಮಂಡಾಳ ಒಗ್ಗರಣಿಯೇ ಬೇಕೆಂದರೆ ಅದಕ್ಕೆ ಪುಟಾಣಿ, ಟೊಮೆಟೊ, ಉಳ್ಳಾಗಡ್ಡಿ ಹೆಚ್ಚು ಬೀಳಲಿ, ಜೊತೆಯ ಮಿರ್ಚಿ ಮಾತ್ರ ವಾರದ ಸಂತೆಗೆ ಇರಲಿ. ಹಸಿವು ಕೆರಳುವ ಮೊದಲೇ, ಮೂರಕ್ಕೆ ತಿನ್ನಬೇಕು. ಕೆರಳಿದ ಹಸಿವು ಡಬ್ಬಿಯ ಕಾಳನ್ನು ಮೂಸಿಯೂ ನೋಡುವುದಿಲ್ಲ, ಎಣ್ಣೆಯ ಬಾಣಲೆಯ ಕಡೆಗೇ ಓಡುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅಂದಿನಿಂದ ಕೊರಲೆ, ನವಣೆ, ಸಜ್ಜೆಗಳು ಬಣ್ಣದ ಪೊಟ್ಟಣಗಳಲ್ಲಿ ಏರಿದ ಬೆಲೆಗೆ ಕಾಣುತ್ತಿವೆ. ಕೊಳ್ಳುವವರು ಕೊಳ್ಳಲಿ. ಆದರೆ ಸಂತೆಯಲ್ಲಿ ಸಿಗುವ ಹುರುಳಿ, ಹೆಸರಿಗೆ ಪೊಟ್ಟಣದ ಬಣ್ಣ ಬೇಕಿಲ್ಲ.

ನಿಜವಾದ ಅಡ್ಡಿ ಕಾಳಿನ ಬೆಲೆಯೂ ಅಲ್ಲ, ನೆನೆಹಾಕುವ ಕೆಲಸವೂ ಅಲ್ಲ. ಮಗನ ಡಬ್ಬಿಗೆ, ಗಂಡನ ಡಬ್ಬಿಗೆ ಬೆಳಗಿನಲ್ಲೇ ಯೋಚನೆ ಮಾಡುವ ಕೈ ತನ್ನ ಡಬ್ಬಿಗೆ ಬಂದಾಗ ‘ನನಗೇನು, ಏನಾದರೂ ಆದೀತು’ ಎನ್ನುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ನೌಕರಿಗೆ ಬಂದ ಮೇಲೂ ನಮ್ಮನ್ನು ಬಿಟ್ಟಿಲ್ಲ. ಕಚೇರಿಯಲ್ಲಿ ಹತ್ತು ನಿಮಿಷ ಡಬ್ಬಿ ತೆರೆದು ಕುಳಿತರೆ ಯಾರೇನು ಅಂದಾರೋ ಎಂಬ ಅಳುಕು ಬೇರೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಆ ಅಳುಕಿರಲಿಲ್ಲ. ಒಬ್ಬಳು ಸೆರಗು ಬಿಚ್ಚಿದರೆ ‘ತಗೋ ಯವ್ವಾ’ ಎಂದು ಸಾಲಿನಲ್ಲಿದ್ದವರಿಗೆಲ್ಲ ಒಂದೊಂದು ಚಿಟಿಕೆಯಾದರೂ ಬರುತ್ತಿತ್ತು. ಪಕ್ಕದ ಟೇಬಲ್ಲಿನಾಕೆಗೂ ಒಂದು ಹಿಡಿ ಹೆಚ್ಚಿಗೆ ಒಯ್ದರೆ ಆಯಿತು, ಅಳುಕು ಇಬ್ಬರಿಗೂ ಹೋಗುತ್ತದೆ. ನಾಳೆಗೆ ಇಂದು ರಾತ್ರಿಯೇ ಕಾಳು ನೆನೆಯಬೇಕು, ಅಷ್ಟೆ.