ಒಸಡಿಗೊಂದು ಅಸ್ತರು

ಕೋಟಿನ ಒಳಬದಿಗೆ ದರ್ಜಿಗಳು ಹೊಲಿಯುವ ನುಣುಪು ಬಟ್ಟೆಗೆ ಅಸ್ತರು ಎನ್ನುತ್ತಾರೆ. ಹೊರಗಿನ ಒರಟು ಬಟ್ಟೆ ಮೈಗೆ ಚುಚ್ಚಬಾರದು ಎಂಬುದಕ್ಕೆ ಅದು. ಹಲ್ಲುಸೆಟ್ಟಿಗೂ ಅಂಥದೊಂದು ಅಸ್ತರು ಇದೆ ಎಂಬುದು ನನಗೆ ತಿಳಿದದ್ದು ಕಳೆದ ವರ್ಷ. ಸೆಟ್ಟು ಸಡಿಲವಾಗಿ ಒಸಡು ಹುಣ್ಣಾದವರಿಗೆ ದಂತವೈದ್ಯರು ಸೆಟ್ಟಿನ ಒಳಮೈಗೆ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಮೆತ್ತನೆಯ ವಸ್ತುವೊಂದನ್ನು ಬಳಿಯುತ್ತಾರೆ. ಸಾಫ್ಟ್ ಲೈನರ್ ಎಂದು ಅದರ ಹೆಸರು. ನಾನು ಅಸ್ತರು ಎಂದೇ ಬರೆಯುತ್ತೇನೆ. ಎಂ.ಟೆಕ್‌ನಲ್ಲಿ ಪಾಲಿಮರ್ ಓದಿ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಸೇರಿದವನಿಗೆ ಈ ಎರಡು ಮಿಲಿಮೀಟರಿನ ಹಿಂದೆ ಇರುವ ಕಥೆ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಥೆ ಶುರುವಾಗುವುದು ಅಸ್ತರೇ ಇಲ್ಲದ ಕಾಲದಿಂದ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ದಂತವೈದ್ಯದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಮೇಲಿನ ಸೆಟ್ಟು ಕೆಳಗೆ ಬೀಳದಂತೆ ಸ್ಪ್ರಿಂಗ್ ಹಾಕಿ ತಡೆಯುವ ವಿಧಾನ ಅದರಲ್ಲಿದೆ. ಜಾರ್ಜ್ ವಾಷಿಂಗ್ಟನ್‌ನ ಹಲ್ಲುಸೆಟ್ಟು ಮರದ್ದು ಎಂದು ನಾವೆಲ್ಲ ಎಲ್ಲೋ ಓದಿದ್ದೇವೆ, ಅದು ಸುಳ್ಳು. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ, ಸ್ಪ್ರಿಂಗ್ ಎಲ್ಲ ಸೇರಿಸಿ ಮಾಡಿದ ಭಾರದ ವಸ್ತು ಅದು. 1789ರಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಳ್ಳುವಾಗ ಅವನ ಬಾಯಲ್ಲಿ ಸ್ವಂತದ್ದೆಂದು ಉಳಿದಿದ್ದು ಒಂದೇ ಹಲ್ಲು. ದಂತದಲ್ಲಿ ಕೆತ್ತಿದ ಸೆಟ್ಟು ಎಂಜಲು ಹೀರಿ ನಾರುತ್ತಿತ್ತು, ಕೊಳೆಯುತ್ತಿತ್ತು. ಒಸಡಿಗೆ ಸರಿಯಾಗಿ ಕೂರುವ ಮಾತಂತೂ ದೂರ.

ನಂತರ ಎರಡು ಘಟನೆಗಳು ಒಂದರ ಬೆನ್ನಿಗೊಂದು ಬಂದವು. 1846ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ತೋರಿಸಿದ. ಅವನು ವೃತ್ತಿಯಲ್ಲಿ ದಂತವೈದ್ಯ. ಹಲ್ಲು ಕೀಳಿಸುವ ಭಯ ಹೋಯಿತು, ಬೊಚ್ಚುಬಾಯಿಗಳ ಸಂಖ್ಯೆ ಏರಿತು. ಅದೇ ಹೊತ್ತಿಗೆ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡುವುದಕ್ಕೆ 1844ರಲ್ಲಿ ಪೇಟೆಂಟ್ ಪಡೆದಿದ್ದ. ಅವನ ತಮ್ಮ ನೆಲ್ಸನ್ 1851ರಲ್ಲಿ ಇನ್ನಷ್ಟು ಗಂಧಕ ಸೇರಿಸಿ ಕೊಂಬಿನಷ್ಟು ಗಟ್ಟಿಯಾದ ರಬ್ಬರಿಗೆ ಪೇಟೆಂಟ್ ಮಾಡಿಸಿಕೊಂಡ. ವಲ್ಕನೈಟ್ ಎಂದು ಅದಕ್ಕೆ ಹೆಸರು. ಬಾಯಿಯ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಹಸಿ ರಬ್ಬರ್ ತುಂಬಿ, ಉಗಿಯ ಪಾತ್ರೆಯಲ್ಲಿ ಬೇಯಿಸಿದರೆ ಅಚ್ಚಿನ ಆಕಾರದ ಸೆಟ್ಟು ಸಿದ್ಧ. ದಂತ ಕೆತ್ತುವ ಕುಶಲಿ ಬೇಡ, ಚಿನ್ನದ ತಗಡು ಬೇಡ. ಮಧ್ಯಮವರ್ಗದವರ ಬಾಯಿಗೆ ಹಲ್ಲು ಬಂದದ್ದು ಹೀಗೆ.

ಇಲ್ಲಿ ನನ್ನ ವೃತ್ತಿಯವರಿಗೆ ಪರಿಚಿತವೆನಿಸುವ ಅಧ್ಯಾಯವೊಂದಿದೆ. ವಲ್ಕನೈಟಿನಿಂದ ಹಲ್ಲುಸೆಟ್ಟು ಮಾಡುವುದಕ್ಕೆ ಜಾನ್ ಕಮಿಂಗ್ಸ್ ಎಂಬವನಿಗೆ 1864ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಕೊಂಡುಕೊಂಡಿತು. ಅದರ ಖಜಾಂಚಿ ಜೋಸಯಾ ಬೇಕನ್ ಅಮೆರಿಕದ ದಂತವೈದ್ಯರ ಬೆನ್ನುಬಿದ್ದ. ವರ್ಷಕ್ಕಿಷ್ಟು ಲೈಸೆನ್ಸ್ ಶುಲ್ಕ, ಪ್ರತಿ ಸೆಟ್ಟಿಗೆ ಇಷ್ಟು ರಾಯಲ್ಟಿ, ಕೊಡದಿದ್ದರೆ ಕೋರ್ಟು. ಲೈಸೆನ್ಸ್ ಇಲ್ಲದವರನ್ನು ಹಿಡಿಯಲು ರೋಗಿಗಳ ವೇಷದಲ್ಲಿ ಪತ್ತೇದಾರರನ್ನು ಕಳಿಸುತ್ತಿದ್ದ. 1876ರಲ್ಲಿ ಸುಪ್ರೀಂ ಕೋರ್ಟೂ ಕಂಪನಿಯ ಪರ ತೀರ್ಪಿತ್ತಿತು. ನಮ್ಮ ಆಫೀಸಿಗೆ ಲೈಸೆನ್ಸ್ ಆಡಿಟ್‌ನವರು ಬಂದಾಗ ಮುಖಗಳು ಬಾಡುವುದನ್ನು ನೋಡಿದ ನನಗೆ ಆ ವೈದ್ಯರ ಪಾಡು ಅರ್ಥವಾಗುತ್ತದೆ. ಸಾಮ್ಯುಯೆಲ್ ಚಾಲ್ಫಂಟ್ ಎಂಬ ವೈದ್ಯ ಊರಿಂದೂರಿಗೆ ಓಡಿದ. ಬೇಕನ್ ಹೋದಲ್ಲೆಲ್ಲ ಹಿಂದೆ ಬಂದ. 1879ರ ಈಸ್ಟರ್ ಭಾನುವಾರ ಸ್ಯಾನ್‌ಫ್ರಾನ್ಸಿಸ್ಕೋದ ಹೋಟೆಲ್ ಕೋಣೆಯಲ್ಲಿ ಚಾಲ್ಫಂಟನ ಗುಂಡಿಗೆ ಬೇಕನ್ ಸತ್ತ. ಚಾಲ್ಫಂಟ್ ಜೈಲಿಗೆ ಹೋದ. ಇನ್ನೆರಡೇ ವರ್ಷದಲ್ಲಿ, 1881ರಲ್ಲಿ, ಪೇಟೆಂಟಿನ ಅವಧಿಯೇ ಮುಗಿಯಿತು.

ವಲ್ಕನೈಟ್ ಅಗ್ಗವಾದದ್ದು ಸರಿ, ಆದರೆ ಅದು ಗಟ್ಟಿ. ಒಸಡು ಮೆತ್ತಗೆ. ಅದರ ಕೆಳಗೆ ಮತ್ತೆ ಎಲುಬು ಗಟ್ಟಿ. ಎರಡು ಕಲ್ಲುಗಳ ನಡುವೆ ಸಿಕ್ಕ ಚರ್ಮದ ಹಾಗೆ ಒಸಡಿನ ಸ್ಥಿತಿ. ಸ್ವಂತ ಹಲ್ಲಿದ್ದಾಗ ಹೀಗಿರುವುದಿಲ್ಲ. ಹಲ್ಲಿನ ಬೇರು ಎಲುಬಿನ ಗೂಡಿನಲ್ಲಿ ಸಣ್ಣ ನಾರುಗಳಿಂದ ತೂಗಾಡುತ್ತಿರುತ್ತದೆ. ಆ ನಾರುಗಳ ಪದರದ ದಪ್ಪ ಒಂದು ಮಿಲಿಮೀಟರಿನ ಕಾಲುಭಾಗಕ್ಕೂ ಕಡಿಮೆ. ಜಗಿಯುವ ಪೆಟ್ಟನ್ನು ನುಂಗುವುದು ಅದು. ಹಲ್ಲು ಹೋದ ದಿನ ಆ ಪ್ರಕೃತಿಯ ಅಸ್ತರೂ ಹೋಗುತ್ತದೆ, ಭಾರವನ್ನೆಲ್ಲ ಅದಕ್ಕೆಂದೇ ಹುಟ್ಟದ ಚರ್ಮ ಹೊರಬೇಕಾಗುತ್ತದೆ. 1869ರಷ್ಟು ಹಿಂದೆಯೇ ಟ್ವಿಚೆಲ್ ಎಂಬವನು ಸೆಟ್ಟಿನ ಒಳಗೆ ಮೆತ್ತನೆಯ ರಬ್ಬರಿನ ಪದರ ಕೂರಿಸಿ ನೋಡಿದ್ದ. ನಮ್ಮ ಅಸ್ತರಿನ ವಂಶಾವಳಿ ಸಾಮಾನ್ಯವಾಗಿ ಅಲ್ಲಿಂದ ಎಣಿಕೆಯಾಗುತ್ತದೆ. ಆದರೆ ಮೆತ್ತನೆಯ ರಬ್ಬರ್ ಎಂಜಲು ಹೀರಿತು, ನಾರಿತು, ಬೇಗನೆ ಹಾಳಾಯಿತು. ದಂತದ ಸೆಟ್ಟಿನ ಹಳೆಯ ಶಾಪವೇ ಇದಕ್ಕೂ ತಗುಲಿತು.

1936–37ರಲ್ಲಿ ಅಕ್ರಿಲಿಕ್ ಬಂತು. ಯುದ್ಧವಿಮಾನಗಳ ಪಾರದರ್ಶಕ ಮುಚ್ಚಳಕ್ಕೆ ಬಳಸಿದ ಪ್ಲಾಸ್ಟಿಕ್ಕೇ ಇದು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೆ ಮೊದಲ ಕೃತಕ ಮಸೂರ ಕೂರಿಸಿದ್ದೂ ಇದರಿಂದಲೇ. ಗುಲಾಬಿ ಬಣ್ಣ ಹಾಕಿದರೆ ಒಸಡಿನಂತೆಯೇ ಕಾಣುತ್ತದೆ. ಹತ್ತು ವರ್ಷದೊಳಗೆ ಪಶ್ಚಿಮದಲ್ಲಿ ವಲ್ಕನೈಟ್ ಮೂಲೆಗೆ ಸರಿಯಿತು. ಈ ಗುಲಾಬಿ ಪುಡಿಯ ಭಾರತೀಯ ಹೆಸರು ಕೇಳಿದರೆ ನಮ್ಮ ದಂತವೈದ್ಯ ವಿದ್ಯಾರ್ಥಿಗಳು ಥಟ್ಟನೆ ಡಿಪಿಐ ಎನ್ನುತ್ತಾರೆ, ಅಂದರೆ ಡೆಂಟಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ಅದು ಮುಂಬಯಿಯ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನ ಒಂದು ವಿಭಾಗ. 1863ರಲ್ಲಿ ಹುಟ್ಟಿ ಬರ್ಮಾದ ತೇಗದಿಂದ ಬೆಳೆದ ಕಂಪನಿ. 1885ರಲ್ಲಿ ಬ್ರಿಟಿಷರು ಬರ್ಮಾದ ಮೇಲೆ ಯುದ್ಧ ಹೂಡಲು ನೆಪವಾದದ್ದು ಇದೇ ಕಂಪನಿಯ ಜಗಳ. ಕೊಡಗಿನಲ್ಲಿ ಇದರ ಕಾಫಿ ತೋಟಗಳಿದ್ದವು. ತೇಗ, ಕಾಫಿ, ಹಲ್ಲುಸೆಟ್ಟು, ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸುವುದು ಮುಂಬಯಿಗಷ್ಟೇ ಸಾಧ್ಯ!

ಅಕ್ರಿಲಿಕ್ಕೂ ಗಟ್ಟಿಯೇ. ಜೊತೆಗೆ ಇನ್ನೊಂದು ತೊಂದರೆ: ಸೆಟ್ಟು ಬದಲಾಗುವುದಿಲ್ಲ, ಅದರ ಕೆಳಗಿನ ಎಲುಬು ಬದಲಾಗುತ್ತದೆ. ಹಲ್ಲಿಲ್ಲದ ದವಡೆಯ ಏಣು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿದವರನ್ನು 25 ವರ್ಷಗಳವರೆಗೆ ಹಿಂಬಾಲಿಸಿ 1972ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಮೇಲಿನ ಸೆಟ್ಟಿಗೆ ಅಂಗುಳದ ಆಸರೆ ಇದೆ. ಕೆಳಗಿನದಕ್ಕೆ ಕುದುರೆ ಲಾಳದಂಥ ಕಿರಿದಾದ ಜಾಗ ಮಾತ್ರ, ಮೇಲಿನದರ ಸುಮಾರು ಅರ್ಧದಷ್ಟು. ಹಾಗಾಗಿ "ಕೆಳಗಿನದು ಕೂರುವುದಿಲ್ಲ" ಎಂಬ ದೂರು ಎಲ್ಲ ಮನೆಗಳಲ್ಲೂ ಒಂದೇ. ಅಲುಗಾಡುವ ಸೆಟ್ಟು ಉಜ್ಜಿ ಹುಣ್ಣಾಗುತ್ತದೆ. ಅಂಚು ಒತ್ತಿದಲ್ಲಿ ಚರ್ಮ ಮಡಿಕೆಮಡಿಕೆಯಾಗಿ ಬೆಳೆಯುತ್ತದೆ. ಒತ್ತಡ ಎಲುಬನ್ನು ಇನ್ನೂ ಬೇಗ ಸವೆಸುತ್ತದೆ, ಸೆಟ್ಟು ಇನ್ನೂ ಸಡಿಲವಾಗುತ್ತದೆ.

ಇದಕ್ಕೆ ಉತ್ತರವಾಗಿ ಬಂದವು ಹೊಸ ಅಸ್ತರುಗಳು. 1945ರಲ್ಲಿ ಮೆದುಗೊಳಿಸಿದ ವಿನೈಲ್, 1958ರಲ್ಲಿ ಸಿಲಿಕೋನ್. ಸಿಲಿಕೋನಿನ ಮೆದುತನ ವರ್ಷಗಟ್ಟಲೆ ಉಳಿಯುತ್ತದೆ. ಅದರ ದೋಷವೆಂದರೆ ಅಕ್ರಿಲಿಕ್ಕಿಗೆ ಚೆನ್ನಾಗಿ ಅಂಟುವುದಿಲ್ಲ, ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು 1960ರ ಸುಮಾರಿಗೆ ಬಂದ ಮೂರನೆಯ ಬಗೆ, ಟಿಶ್ಯೂ ಕಂಡಿಷನರ್. ಒಂದು ಪುಡಿ, ಒಂದು ದ್ರವ. ಪುಡಿ ಅಕ್ರಿಲಿಕ್ಕಿನ ಸೋದರಸಂಬಂಧಿ. ದ್ರವದಲ್ಲಿ ಎಣ್ಣೆಯಂಥ ಮೆದುಕಾರಕ, ಜೊತೆಗೆ ಆಲ್ಕೋಹಾಲ್. ಕಲಸಿದ ಕೂಡಲೇ ದೋಸೆಹಿಟ್ಟು. ಕೆಲವು ನಿಮಿಷದಲ್ಲಿ ಹೋಳಿಗೆಯ ಕಣಕ. ಇಲ್ಲಿ ರಾಸಾಯನಿಕ ಕ್ರಿಯೆಯೇ ನಡೆಯುವುದಿಲ್ಲ. ಆಲ್ಕೋಹಾಲ್ ಪುಡಿಯ ಕಣಗಳನ್ನು ಉಬ್ಬಿಸುತ್ತದೆ, ಮೆದುಕಾರಕ ಒಳಹೊಕ್ಕು ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಅಷ್ಟೇ. ಕಣಕದ ಹಾಗೆಯೇ ಇದು ನಿಧಾನ ಒತ್ತಿದರೆ ಹರಿದು ಜಾಗ ಹುಡುಕಿಕೊಳ್ಳುತ್ತದೆ, ಥಟ್ಟನೆ ಒತ್ತಿದರೆ ಪುಟಿಯುತ್ತದೆ. ಊದಿದ ಒಸಡು ದಿನದಿಂದ ದಿನಕ್ಕೆ ಇಳಿಯುವಾಗ ಅಸ್ತರು ಅದರ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಆಲ್ಕೋಹಾಲೂ ಮೆದುಕಾರಕವೂ ಎಂಜಲಿಗೆ ಸೋರಿಹೋಗುತ್ತವೆ. ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ಆಮೇಲೆ ಅದು ಗಟ್ಟಿಯಾಗಿ ಒರಟಾಗಿ ತಾನೇ ಹುಣ್ಣು ಮಾಡತೊಡಗುತ್ತದೆ. ಮೆತ್ತನೆಯ ಮೇಲ್ಮೈಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಸುಲಭವಾಗಿ ಮನೆಮಾಡುತ್ತದೆ. ಆದ್ದರಿಂದ ರಾತ್ರಿ ಸೆಟ್ಟು ತೆಗೆದಿಡಬೇಕು, ಮೆತ್ತಗೆ ತೊಳೆಯಬೇಕು, ಕುದಿನೀರು ಕೂಡದು, ಹೇಳಿದ ದಿನ ಬದಲಿಸಬೇಕು.

ಈ ಕೊನೆಯ ಮಾತಿನಲ್ಲೇ ನಮ್ಮ ಮನೆಯ ಕಷ್ಟ ಇದ್ದದ್ದು. ಸಾಂತಾಕ್ರೂಜ್ ಪೂರ್ವದಲ್ಲಿ ನಮ್ಮ ಜೊತೆಗಿರುವ ನನ್ನ ಮಾವ ಉಡುಪಿ ಕಡೆಯವರು. ನಲ್ವತ್ತು ವರ್ಷ ಹೋಟೆಲಿನಲ್ಲಿ ದುಡಿದು ನಿವೃತ್ತರಾದವರು. ಬಿಡುವಿನ ದಿನ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಅವರ ಪ್ರಾಣ. ಒಂಬತ್ತು ವರ್ಷ ಹಳೆಯ ಸೆಟ್ಟು. ಗಂಜಿ, ನೀರುದೋಸೆಯಲ್ಲಿ ದಿನ ತಳ್ಳುತ್ತಿದ್ದುದನ್ನು ನಾವು ವಯಸ್ಸಿನ ಪಥ್ಯ ಎಂದುಕೊಂಡಿದ್ದೆವು. ಅವರು ಕೂಟಕ್ಕೆ ಹೋಗುವುದನ್ನು ನಿಲ್ಲಿಸಿದಾಗ ಹೆಂಡತಿ ಕೇಳಿದಳು. "ದುಶ್ಶಾಸನ ಅಂತ ಒಂದು ಸಲ ಹೇಳಿದ್ರೆ ಕೆಳಗಿನ ಸೆಟ್ಟು ಎದ್ದು ಬರ್ತದೆ. ಕೌರವನ ಪಾತ್ರಕ್ಕೆ ದುಶ್ಶಾಸನನ್ನು ಕರೀಲಿಕ್ಕೆ ಆಗದಿದ್ರೆ ಹೇಗೆ ಮಾರಾಯ್ತಿ?" ಎಂದರು. ನಾವು ನಕ್ಕೆವು, ಅವರು ನಗಲಿಲ್ಲ. ಬಾಯಿ ತೆರೆಸಿ ನೋಡಿದರೆ ನಾಲಗೆಯ ಕೆಳಗಿನ ಅಂಚಿಗುಂಟ ಬಿಳಿಯ ಹುಣ್ಣು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಸೆಟ್ಟನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ಇಂಪ್ಲಾಂಟಿನ ಅಂದಾಜುಪಟ್ಟಿ ಕೊಟ್ಟರು. ಮಾವ ಮೊತ್ತ ನೋಡಿ, "ಇದರಲ್ಲಿ ಊರಲ್ಲಿ ಒಂದು ಬಾವಿ ತೋಡಿಸಬಹುದು" ಎಂದು ಎದ್ದರು. ಮುಂಬಯಿಯಲ್ಲಿ ಇದಕ್ಕೆ ಬೇರೆ ದಾರಿಯೂ ಇದೆ, ಅದೂ ಸಾಂತಾಕ್ರೂಜ್ ಸ್ಟೇಷನ್ನಿನಿಂದ ಎರಡು ದಿಕ್ಕಿಗೆ. ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿದು ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದರೆ 1933ರಲ್ಲಿ ಶುರುವಾದ ನಾಯರ್ ದಂತ ಕಾಲೇಜು. ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಹೋದರೆ ಸರಕಾರಿ ದಂತ ಕಾಲೇಜು. ಇಂಥ ಕಡೆ ವಿದ್ಯಾರ್ಥಿಗಳು ಗುರುಗಳ ಕಣ್ಣಮುಂದೆ ಕಡಿಮೆ ಖರ್ಚಿನಲ್ಲಿ ಸೆಟ್ಟು ಮಾಡುತ್ತಾರೆ. ಅಚ್ಚು, ಮರು ಅಚ್ಚು, ದವಡೆಯ ಅಳತೆ, ಮೇಣದಲ್ಲಿ ಹಲ್ಲು ಕೂರಿಸಿ ನೋಡುವುದು, ಕೊನೆಗೆ ಸೆಟ್ಟು: ಕಡಿಮೆಯೆಂದರೂ ಐದು ಸಲ ಹೋಗಬೇಕು. ದುಡ್ಡಿನ ಬದಲು ಸಮಯ ಕೊಡುವುದು. ಊರಿನ ಕಡೆಯವರು ಮಣಿಪಾಲದಲ್ಲಿ ಮಾಡಿಸಿಕೊಳ್ಳುವುದೂ ಇದೇ ಲೆಕ್ಕದಲ್ಲಿ. ಅಲ್ಲಿಯ ದಂತ ಕಾಲೇಜು 1965ರದ್ದು, ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರದ್ದು. ಅದಕ್ಕೂ ಮೊದಲು ಹೆಚ್ಚಿನವರಿಗೆ ಗತಿ ಡಿಗ್ರಿಯಿಲ್ಲದೆ ಅನುಭವದಿಂದ ಕಲಿತವರೇ. 1948ರ ದಂತವೈದ್ಯರ ಕಾಯ್ದೆ ಬಂದಾಗ ಅಂಥವರಿಗಾಗಿ ನೋಂದಣಿ ಪುಸ್ತಕದಲ್ಲಿ 'ಬಿ' ಭಾಗ ಎಂದು ಬೇರೆಯೇ ಪಟ್ಟಿ ಮಾಡಬೇಕಾಯಿತು.

ಕಾಲೇಜಿನಲ್ಲಿ ಮಾವನಿಗೆ ತಕ್ಷಣ ಹೊಸ ಸೆಟ್ಟು ಕೊಡಲಿಲ್ಲ, ಅದು ಸರಿಯಾದ ಕ್ರಮ. ಊದಿದ ಒಸಡಿನ ಅಚ್ಚು ತೆಗೆದರೆ ಊತದ ಅಳತೆಗೇ ಸೆಟ್ಟು ಆಗುತ್ತದೆ. ಹಳೆಯ ಸೆಟ್ಟಿನ ಒಳಮೈ ಕೆರೆದು, ಕಣಕದಂಥ ಅಸ್ತರು ಬಳಿದು, ಬಾಯಲ್ಲಿ ಕೂರಿಸಿ ಕಚ್ಚಿಸಿ, ಅಂಚು ಕತ್ತರಿಸಿದರು. ಮೂರನೆಯ ದಿನ ಅವರು ಚಪಾತಿ ಕೇಳಿದರು. ನನ್ನ ಆತಂಕ ಶುರುವಾದದ್ದೇ ಆಗ. ನೋವು ಹೋದ ಕೂಡಲೇ, ಬದಲಿಸಲು ಮತ್ತೆ ಯಾಕೆ ಅಷ್ಟು ದೂರ ಎಂಬ ಮಾತು ಬಂತು. ಅಸ್ತರಿನ ಇತಿಹಾಸದಲ್ಲಿ ಅತಿ ಹೆಚ್ಚು ಹಾನಿ ಆದದ್ದು ಬಹುಶಃ ಹೀಗೆಯೇ: ಹತ್ತು ದಿನಕ್ಕೆಂದು ಹಾಕಿದ್ದನ್ನು ಹತ್ತು ತಿಂಗಳು ಇಟ್ಟುಕೊಂಡು. ಔಷಧದಂಗಡಿಯ ಅಂಟುಪುಡಿಯನ್ನು ದಪ್ಪಕ್ಕೆ ಹಾಕಿ ಸಡಿಲ ಸೆಟ್ಟನ್ನು ತಡೆಹಿಡಿಯುವುದೂ ಇದೇ ಜಾತಿಯದ್ದು. ನೋವು ಕಾಣುವುದಿಲ್ಲ, ಕೆಳಗೆ ಎಲುಬು ಸವೆಯುವುದು ನಿಲ್ಲುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರನ ಚಾಳಿಯಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮೂರು ಸಲ ಬದಲಿಸಿ ತಂದೆ. ಒಸಡು ತಿಳಿ ಗುಲಾಬಿಗೆ ತಿರುಗಿದ ಮೇಲೆ ಹೊಸ ಸೆಟ್ಟಿನ ಅಚ್ಚು ತೆಗೆದರು.

ಅಸ್ತರಿನ ಅಗತ್ಯವನ್ನೇ ಇಲ್ಲವಾಗಿಸುತ್ತೇವೆ ಎಂದು ಹೊರಟದ್ದು ಇಂಪ್ಲಾಂಟ್. 1965ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊದಲ ರೋಗಿಯ ದವಡೆಗೆ ಟೈಟಾನಿಯಂ ತಿರುಪು ಕೂರಿಸಿದರು. 2002ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಸೇರಿದ ತಜ್ಞರು, ಬೊಚ್ಚಾದ ಕೆಳದವಡೆಗೆ ಎರಡು ಇಂಪ್ಲಾಂಟಿನ ಮೇಲೆ ನಿಲ್ಲುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದರು. ವೈದ್ಯಕೀಯವಾಗಿ ಆ ಮಾತು ಸರಿ. ಬಾವಿಯ ಲೆಕ್ಕ ಹಾಕುವವರ ಮನೆಗಳಿಗೆ ಅದು ಇನ್ನೂ ತಲುಪಿಲ್ಲ. ತಲುಪಿದ ಮನೆಗಳಲ್ಲೂ ತಿರುಪು ಎಲುಬಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಕೆಲವು ತಿಂಗಳು ಬೇಕು, ಗಾಯದ ಮೇಲೆ ಭಾರ ಬೀಳಬಾರದು. ಅಷ್ಟು ದಿನ ರೋಗಿ ಹಾಕಿಕೊಳ್ಳುವುದು ಹಳೆಯ ಸೆಟ್ಟನ್ನೇ. ಅದರ ಒಳಮೈಯನ್ನು ಕೆರೆದು ವೈದ್ಯರು ಅಲ್ಲಿಗೂ ಬಳಿಯುವುದು ಇದೇ ಪುಡಿ, ಇದೇ ದ್ರವ.