ಒಂದರಿಂದ ಆರರವರೆಗೆ

ಅಕ್ಕಪಕ್ಕ ಕೂತ ಇಬ್ಬರು ಹುಡುಗರ ಉತ್ತರಪತ್ರಿಕೆ ಅಕ್ಷರಕ್ಕೆ ಅಕ್ಷರ ಹೊಂದಿಕೊಂಡರೆ ಮೇಷ್ಟ್ರು ಏನು ಮಾಡಬೇಕು? 1599ರಲ್ಲಿ ರೋಮಿನಿಂದ ಹೊರಟ ನಿಯಮಾವಳಿಯೊಂದು ಇದಕ್ಕೆ ನೇರವಾಗಿ ಉತ್ತರಿಸುತ್ತದೆ: ಇಬ್ಬರನ್ನೂ ಅನುಮಾನಿಸಿ, ಯಾಕೆಂದರೆ ಯಾರು ಯಾರದನ್ನು ನೋಡಿ ಬರೆದರೆಂದು ಪತ್ತೆಹಚ್ಚಲಾಗದು. ಅದೇ ಪುಟದಲ್ಲಿ ಇನ್ನಷ್ಟು ಕಟ್ಟಳೆಗಳಿವೆ. ಬರೆಯುವ ಸಾಮಾನು, ಪುಸ್ತಕ ಎಲ್ಲವನ್ನೂ ಹುಡುಗರು ತಾವೇ ತರಬೇಕು, ನಡುವೆ ಇನ್ನೊಬ್ಬರ ಹತ್ತಿರ ಕೇಳುವಂತಿಲ್ಲ. ಹೊರಗೆ ಹೋಗಬೇಕಾದವನು ಬರೆದದ್ದನ್ನು ಮೇಲ್ವಿಚಾರಕರ ಹತ್ತಿರ ಇಟ್ಟು ಹೋಗಬೇಕು. ಒಪ್ಪಿಸುವ ಮುಂಚೆ ಇನ್ನೊಮ್ಮೆ ಓದಿಕೊಳ್ಳಬೇಕು, ಒಪ್ಪಿಸಿದ ಮೇಲೆ ತಿದ್ದುವ ಮಾತೇ ಇಲ್ಲ. ಎಸ್ಸೆಸ್ಸೆಲ್ಸಿ ಬರೆದವರಿಗೆ ಇದರಲ್ಲಿ ಯಾವುದೂ ಹೊಸದೆನಿಸಲಿಕ್ಕಿಲ್ಲ.

ಪುಸ್ತಕದ ಹೆಸರು ‘ರಾಶಿಯೋ ಸ್ತುದಿಯೋರುಮ್’. ಯೇಸುಸಭೆಯ, ಅಂದರೆ ಜೆಸ್ವಿಟ್ ಪಾದ್ರಿಗಳ, ಶಾಲೆಗಳೆಲ್ಲ ಒಂದೇ ಹದದಲ್ಲಿ ನಡೆಯಲೆಂದು ಅದನ್ನು ಬರೆದದ್ದು. ಸಭೆ ಸ್ಥಾಪನೆಯಾದದ್ದು 1540ರಲ್ಲಿ. ಪಾದ್ರಿಗಳಾಗದ ಹುಡುಗರಿಗೂ ಪಾಠ ಹೇಳುವ ಶಾಲೆ ಶುರುವಾದದ್ದು 1548ರಲ್ಲಿ, ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ. ಐವತ್ತು ವರ್ಷದೊಳಗೆ ಶಾಲೆಗಳ ಸಂಖ್ಯೆ ಇನ್ನೂರು ದಾಟಿತು. ಒಂದೂರಿನಲ್ಲಿ ಒಂದು ರೀತಿ, ಇನ್ನೊಂದೂರಿನಲ್ಲಿ ಇನ್ನೊಂದು ರೀತಿ ಆದೀತೆಂಬ ಅಂಜಿಕೆಯಿಂದ 1586ರಲ್ಲಿ ಒಂದು ಕರಡು, 1591ರಲ್ಲಿ ಮತ್ತೊಂದು ತಯಾರಾದವು. ಕೊನೆಗೆ ಮಹಾಧ್ಯಕ್ಷ ಕ್ಲಾಡಿಯೋ ಅಕ್ವವೀವಾ ಅಂತಿಮ ರೂಪವನ್ನು ಜಾರಿಗೆ ತಂದರು. ಕೆಳಹಂತದಲ್ಲಿ ಐದು ತರಗತಿಗಳು: ಮೂರು ವ್ಯಾಕರಣದವು, ಅವುಗಳ ಮೇಲೆ ಸಾಹಿತ್ಯ, ತುದಿಯಲ್ಲಿ ವಾಕ್‌ಕಲೆ. ಈಗಿನ ಮಾಧ್ಯಮಿಕ ಶಾಲೆಯ ವಯಸ್ಸಿನವರು ಹೆಚ್ಚಾಗಿ ವ್ಯಾಕರಣದ ಬೆಂಚುಗಳಲ್ಲೇ ಇರುತ್ತಿದ್ದರು. ಪಾಠಕ್ಕೆ ಫೀಜಿಲ್ಲ.

ಅಂಕದ ಕಥೆ ಕುತೂಹಲದ್ದು. ವರ್ಷದ ಪರೀಕ್ಷೆ ಹತ್ತಿರ ಬಂದಾಗ ಪ್ರತಿ ಮೇಷ್ಟ್ರೂ ತನ್ನ ಹುಡುಗರ ಹೆಸರನ್ನು ಅಕಾರಾದಿಯಲ್ಲಿ ಬರೆದು ಮೇಲ್ವಿಚಾರಕರಿಗೆ ಕೊಡಬೇಕಿತ್ತು. ಪ್ರತಿ ಹೆಸರಿನ ಮುಂದೆ ಆರರಲ್ಲಿ ಒಂದು ಷರಾ: ಉತ್ತಮ, ಒಳ್ಳೆಯವ, ಸಾಧಾರಣ, ಅನುಮಾನ, ಇದೇ ತರಗತಿಯಲ್ಲಿ ಉಳಿಯಬೇಕಾದವ, ಶಾಲೆಯಿಂದ ಕಳಿಸಬೇಕಾದವ. ಉದ್ದಕ್ಕೆ ಬರೆಯುವ ತಾಪತ್ರಯ ತಪ್ಪಿಸಲು ಇವನ್ನು 1, 2, 3, 4, 5, 6 ಎಂದು ಗುರುತಿಸಬಹುದು ಎಂದೂ ನಿಯಮ ಸೂಚಿಸುತ್ತದೆ. ಸಂಖ್ಯೆ ಇಲ್ಲಿ ಬರೀ ಮೇಷ್ಟ್ರ ಸಂಕೇತ. ಪ್ರಶ್ನೆಗಿಷ್ಟು ಎಂದು ಕೂಡಿಸಿ ಬಂದದ್ದಲ್ಲ, ಅಪ್ಪನ ಸಹಿ ಹಾಕಿಸಿಕೊಂಡು ಬರಲು ಮನೆಗೆ ಕಳಿಸಿದ್ದೂ ಅಲ್ಲ. ಮುಂದಿನ ವರ್ಷ ಈ ಹುಡುಗ ಎಲ್ಲಿ ಕೂರಬೇಕು ಎಂಬುದಷ್ಟೇ ಅದು ಉತ್ತರಿಸಬೇಕಾದ ಪ್ರಶ್ನೆ.

ಆದರೆ ಮೇಷ್ಟ್ರ ಷರಾ ಕೊನೆಯ ಮಾತಲ್ಲ. ತೀರ್ಮಾನ ಮೂವರು ಪರೀಕ್ಷಕರದು. ಮೇಲ್ವಿಚಾರಕರ ಜೊತೆ ಇನ್ನಿಬ್ಬರು, ಸಾಧ್ಯವಾದಮಟ್ಟಿಗೆ ಆ ಶಾಲೆಯಲ್ಲಿ ಪಾಠ ಹೇಳದವರು. ಮೂವರಲ್ಲಿ ಇಬ್ಬರು ಒಪ್ಪಿದ್ದು ತೀರ್ಪು. ಹುಡುಗ ಒಳಗೆ ಬಂದು ತಾನು ಬರೆದದ್ದನ್ನು ಓದಬೇಕು, ತಪ್ಪುಗಳನ್ನು ತಾನೇ ತಿದ್ದಬೇಕು, ಯಾವ ಸೂತ್ರ ಮುರಿದೆನೆಂದು ಹೇಳಬೇಕು. ಮೇಷ್ಟ್ರ ಪಟ್ಟಿ ಆಗ ಮೇಜಿನ ಮೇಲೆ ಇರುತ್ತಿತ್ತು. ತೀರ ಅಸಮರ್ಥನಾದರೆ ಯಾರ ಶಿಫಾರಸೂ ನಡೆಯದು. ಅಂಚಿನಲ್ಲಿ ನಿಂತವನಿಗೆ ಮಾತ್ರ ಒಂದು ಕಿಂಡಿ ಇತ್ತು: ವಯಸ್ಸಾಗಿದೆ, ಒಂದೇ ತರಗತಿಯಲ್ಲಿ ಬಹಳ ಕಾಲ ಕೂತಿದ್ದಾನೆ ಎನಿಸಿದರೆ ಮೇಲಕ್ಕೆ ಕಳಿಸಬಹುದು, ಅಲ್ಲಿ ಶ್ರಮಪಡದಿದ್ದರೆ ಮತ್ತೆ ಕೆಳಕ್ಕೆ. ನಮ್ಮ ಕೃಪಾಂಕಕ್ಕಿಂತ ಇದು ಹೆಚ್ಚು ಪ್ರಾಮಾಣಿಕ ಏರ್ಪಾಡು ಎನ್ನಬೇಕು, ಕೃಪೆಗೆ ಗಡುವು ಇತ್ತಲ್ಲ. ಚುರುಕು ಹುಡುಗ ವರ್ಷ ಮುಗಿಯುವವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಪರೀಕ್ಷೆ ಕೊಟ್ಟು ನಡುವೆಯೇ ಮೇಲೇರಬಹುದಿತ್ತು.

ಬಹುಮಾನದ ಪರೀಕ್ಷೆಯ ದಾರಿಯೇ ಬೇರೆ. ಅಲ್ಲಿ ಹುಡುಗ ಹೆಸರು ಬರೆಯುವಂತಿಲ್ಲ. ಉತ್ತರದ ಮೇಲೆ ತನಗೆ ತೋಚಿದ ಒಂದು ಗುರುತು, ಮತ್ತೊಂದು ಚೀಟಿಯಲ್ಲಿ ಅದೇ ಗುರುತಿನ ಜೊತೆ ಹೆಸರು. ಆ ಚೀಟಿ ಹೆಸರು ಕಾಣದಂತೆ ಮುಚ್ಚಿರಬೇಕು. ತೀರ್ಪುಗಾರರು ಗೆದ್ದದ್ದು ಯಾವುದೆಂದು ನಿರ್ಧರಿಸಿದ ಮೇಲೆಯೇ ಚೀಟಿ ಬಿಚ್ಚುವುದು. ಮೇಲಿನ ತರಗತಿಗೆ ಕಳಿಸುವಾಗ ಹುಡುಗನ ಪೂರ್ವಾಪರವೆಲ್ಲ ಬೇಕು, ಬಹುಮಾನ ಕೊಡುವಾಗ ಯಾವುದೂ ಬೇಡ. ಈ ವ್ಯತ್ಯಾಸವನ್ನು ಅಷ್ಟು ಹಿಂದೆಯೇ ಯೋಚಿಸಿದವರ ಜಾಣ್ಮೆ ಮೆಚ್ಚುವಂಥದ್ದೇ.

ದಿನದಿನದ ಲೆಕ್ಕ ಹುಡುಗರ ಕೈಯಲ್ಲೇ ಇತ್ತು. ರೋಮನ್ ಸೈನ್ಯದ ಮಾದರಿಯಲ್ಲಿ ನೇಮಕವಾದ ‘ಡೆಕ್ಯೂರಿಯನ್’ಗಳು ಬೆಳಗ್ಗೆ ಉಳಿದವರಿಂದ ಬಾಯಿಪಾಠ ಒಪ್ಪಿಸಿಕೊಂಡು, ಯಾರು ಎಷ್ಟು ಕಡೆ ತಡವರಿಸಿದರು, ಯಾರು ಮನೆಗೆಲಸ ತಂದಿಲ್ಲ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಪ್ರತಿ ಹುಡುಗನಿಗೂ ಒಬ್ಬ ಎದುರಾಳಿ. ಇವನು ತಪ್ಪಿದಲ್ಲಿ ಅವನು ತಿದ್ದಬೇಕು. ಅನೇಕ ಶಾಲೆಗಳಲ್ಲಿ ಇಡೀ ತರಗತಿಯನ್ನೇ ರೋಮ್, ಕಾರ್ಥೇಜ್ ಎಂದು ಎರಡು ಪಾಳೆಯ ಮಾಡಿ ಕಾದಾಡಿಸುತ್ತಿದ್ದರು. ಸಾಧು ಸಂತರ ಹೆಸರಿನ ಶಾಲೆಗೆ ಇಂಥ ಪೈಪೋಟಿ ಒಪ್ಪುತ್ತದೆಯೇ ಎಂದು ಆಗಲೂ ಕೇಳಿದವರಿದ್ದರು, ಅವರೂ ಕ್ಯಾಥೊಲಿಕರೇ. ಫ್ರಾನ್ಸಿನ ಪೋರ್ಟ್ ರಾಯಲ್ ಮಠದ ಆಶ್ರಯದಲ್ಲಿದ್ದ ಪುಟ್ಟ ಶಾಲೆಗಳು ಕೀರ್ತಿಯ ಆಸೆ ತೋರಿಸಿ ಕಲಿಸುವುದನ್ನು ಕೈಬಿಟ್ಟವು. ತಮಾಷೆಯೆಂದರೆ, ಆ ಬಳಗದವರೇ ಆದ, ಜೆಸ್ವಿಟರನ್ನು ಲೇಖನಿಯಲ್ಲೇ ಚಚ್ಚಿದ ಪಾಸ್ಕಲ್, ಅಸೂಯೆ ಮತ್ತು ಕೀರ್ತಿಯ ಮುಳ್ಳುಗೋಲಿಲ್ಲದ ಪೋರ್ಟ್ ರಾಯಲ್ ಮಕ್ಕಳು ಆಲಸಿಗಳಾಗುತ್ತಾರೆಂದು ತನ್ನ ಟಿಪ್ಪಣಿಗಳಲ್ಲಿ ಗುರುತುಹಾಕಿಕೊಂಡ.

ಶಿಕ್ಷೆಯ ವಿಷಯದಲ್ಲಿ ನಿಯಮಾವಳಿ ನಾಜೂಕಾಗಿ ನುಣುಚಿಕೊಳ್ಳುತ್ತದೆ. ಮೇಷ್ಟ್ರು ಬೈಯಬಾರದು, ಹೊಡೆಯಬಾರದು, ಹುಡುಗನನ್ನು ಅವನ ಹೆಸರು ಅಥವಾ ಮನೆತನದ ಹೆಸರು ಬಿಟ್ಟು ಬೇರೆ ಹೆಸರಿನಿಂದ ಕರೆಯಬಾರದು. ಒಳ್ಳೆಯ ಮಾತಿಗೆ ಬಗ್ಗದವರಿಗಾಗಿ ಸಭೆಗೆ ಸೇರದ ಒಬ್ಬ ‘ತಿದ್ದುವವ’ನನ್ನು ನೇಮಿಸಬೇಕು. ಅಂತೂ ಏಟು ತಪ್ಪಲಿಲ್ಲ, ಪಾದ್ರಿಯ ಕೈ ಮಾತ್ರ ಶುದ್ಧವಾಗಿ ಉಳಿಯಿತು.

ಬಡವರ ಮಕ್ಕಳ ಶಾಲೆಗೆ ಬೇರೊಂದು ಕೈಪಿಡಿ ಬಂತು. ಫ್ರಾನ್ಸಿನ ಝಾ ಬಾಪ್ಟಿಸ್ಟ್ ದ ಲಾ ಸಾಲ್ ಕಟ್ಟಿದ ಸಹೋದರರ ಸಂಘದ ಈ ಪುಸ್ತಕ 1720ರಲ್ಲಿ ಅಚ್ಚಾಯಿತು. ಲ್ಯಾಟಿನ್ ಬದಿಗೆ ಸರಿದು ಫ್ರೆಂಚಿನಲ್ಲೇ ಪಾಠ. ಮೇಷ್ಟ್ರು ಆದಷ್ಟು ಬಾಯಿ ಬಿಡಬಾರದು. ಕೈಯಲ್ಲಿನ ಸಣ್ಣ ಸಾಧನವೊಂದನ್ನು ಟಕ್ಕೆನ್ನಿಸಿದರೆ ಓದುವವನು ನಿಲ್ಲಬೇಕು. ಚೆನ್ನಾಗಿ ಕಲಿತವನಿಗೆ ಸಿಕ್ಕ ಪುಣ್ಯದ ಅಂಕಗಳನ್ನು ಮುಂದೊಂದು ದಿನ ಶಿಕ್ಷೆಗೆ ವಜಾ ಹಾಕಿಸಿಕೊಳ್ಳುವ ಸೌಲಭ್ಯವೂ ಇತ್ತು. ಈ ಜಮಾ ಖರ್ಚು ಮಕ್ಕಳಿಗೆ ಬಲು ಬೇಗ ಕರಗತವಾಗಿರಬೇಕು.

1773ರಲ್ಲಿ ಪೋಪ್ ಯೇಸುಸಭೆಯನ್ನೇ ರದ್ದುಮಾಡಿದರು. 1814ರಲ್ಲಿ ಅದು ಮರಳಿ ಬಂತು. 1832ರಲ್ಲಿ ನಿಯಮಾವಳಿಯನ್ನು ಪರಿಷ್ಕರಿಸಿ ದೇಶಭಾಷೆಗೂ ವಿಜ್ಞಾನಕ್ಕೂ ಹೆಚ್ಚು ಜಾಗ ಮಾಡಿಕೊಟ್ಟರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಜೆಸ್ವಿಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಾಗ ಅವರ ಹಿಂದೆ ಈ ಪರಂಪರೆಯೆಲ್ಲ ಇತ್ತು. ಅವರಲ್ಲೊಬ್ಬರಾದ ಆಂಜೆಲೊ ಮಫೇಯಿ ಕೊಂಕಣಿ ವ್ಯಾಕರಣ ಬರೆದು 1882ರಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚುಹಾಕಿಸಿದರು. ಆದರೆ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹುಡುಗರು ಕೂರಬೇಕಾದದ್ದು ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್‌ಗೆ. ಕೆಳಹಂತದ ಎಷ್ಟೋ ಶಾಲೆಗಳಿಗೆ ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಪರೀಕ್ಷಿಸಿ, ಪಾಸಾದವರ ಲೆಕ್ಕಕ್ಕೆ ತಕ್ಕಂತೆ ಅನುದಾನ ಬರೆಯುವ ಪದ್ಧತಿಯೂ ಪ್ರಾಂತದಲ್ಲಿತ್ತು. ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು, ಮೇಷ್ಟ್ರ ಪಟ್ಟಿ ನೋಡಿ ತೀರ್ಮಾನಿಸುತ್ತಿದ್ದ ಮೂವರಿಗೆ ಈ ಏರ್ಪಾಡಿನಲ್ಲಿ ಜಾಗವಿರಲಿಲ್ಲ.

ಉಳಿಸಿಕೊಳ್ಳಬೇಕೋ ಕಳಿಸಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡುವಂತಿಲ್ಲ ಎಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಸಿ, ನಪಾಸಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಟ್ಟು, ಆಗಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತು. ಇದರ ನಡುವೆ, 2014ರಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ಆ ಗುಂಪಿನಲ್ಲಿ ಚರ್ಚು ನಡೆಸುವ ಶಾಲೆಗಳೂ ಬರುತ್ತವೆ.