ಸಾಹುಕಾರನ ಖಾತೆಯಿಂದ ಕ್ರೆಡಿಟ್ ವರದಿಯವರೆಗೆ



ಸಾಲ ಕೊಟ್ಟವನು ಬರೆದಿಟ್ಟ ಲೆಕ್ಕ ತಪ್ಪಾಗಿದ್ದರೆ ಸಾಲ ಪಡೆದವನು ಏನು ಮಾಡಬೇಕು? 'ನಾನು ಇಷ್ಟು ಕೊಡಬೇಕಾಗಿಲ್ಲ' ಎಂದು ಆತ ಯಾರ ಮುಂದೆ ಹೇಳಬೇಕು? ಹೇಳಿದರೆ ನಂಬುವವರು ಯಾರು? ನಿಮ್ಮ ಇತಿಹಾಸದ ಪಠ್ಯದಲ್ಲಿ ಈ ಪ್ರಶ್ನೆ ನೇರವಾಗಿ ಬರುವುದಿಲ್ಲ. ಆದರೆ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ರೈತ ಮನೆತನಗಳ ಮಟ್ಟಿಗೆ ಯುದ್ಧಗಳ ಇಸವಿಗಳಿಗಿಂತ ಇದೇ ಹತ್ತಿರದ ಪ್ರಶ್ನೆಯಾಗಿತ್ತು. ಹೊಲ ಉಳಿಯುವುದೂ ಹೋಗುವುದೂ ಇದನ್ನೇ ಅವಲಂಬಿಸಿತ್ತು.

ಇಂದಿನ ವಿಜಯಪುರ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಜಿಲ್ಲೆಯ ಮುಖ್ಯಸ್ಥಳ ಕಲಾದಗಿ. ಜಿಲ್ಲೆಯ ಹೆಸರೂ ಅದೇ. 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಬಂದವು. ಇಲ್ಲಿನದು ಕಪ್ಪು ಎರೆಭೂಮಿ. ಬೆಳೆ ಜೋಳ ಮತ್ತು ಹತ್ತಿ. ಮಳೆ ಮಾತ್ರ ನಂಬುವಂಥದಲ್ಲ. ರೈತವಾರಿ ಪದ್ಧತಿಯಲ್ಲಿ ಪ್ರತಿಯೊಬ್ಬ ರೈತನೂ ಕಂದಾಯವನ್ನು ನಗದಾಗಿ ಕಟ್ಟಬೇಕು. ಬೆಳೆ ಕೈಕೊಟ್ಟ ವರ್ಷ ಆ ನಗದು ಎಲ್ಲಿಂದ ಬರಬೇಕು? ಊರ ಸಾಹುಕಾರನ ಪೆಟ್ಟಿಗೆಯಿಂದ. ಬೀಜಕ್ಕೆ, ಎತ್ತಿಗೆ, ಮದುವೆಗೆ, ಕಂದಾಯಕ್ಕೆ ಎಲ್ಲದಕ್ಕೂ ಅದೇ ಬಾಗಿಲು.

ಸಾಲ ಕೊಡುವಾಗ ಸಾಹುಕಾರ ಒಂದು ಕಾಗದ ಬರೆಸುತ್ತಿದ್ದ. ರೈತ ಅದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಈ ಭಾಗದ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿಯೂ ಬಳಕೆಯಲ್ಲಿತ್ತು. ಕನ್ನಡ ಅಕ್ಷರವೇ ಬಾರದವನಿಗೆ ಮೋಡಿ ಹೇಗೆ ತಿಳಿದೀತು? ಹಣ ಕೊಟ್ಟದ್ದಕ್ಕೆ ಪಾವತಿ ಕೇಳುವ ರೂಢಿ ಇರಲಿಲ್ಲ. ಎಷ್ಟು ಕೊಟ್ಟೆ, ಎಷ್ಟು ಬಾಕಿ ಎಂಬುದಕ್ಕೆ ಒಂದೇ ಸಾಕ್ಷಿ ಸಾಹುಕಾರನ ಖಾತೆ. ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಿ. 1859ರ ಕಾಲಮಿತಿ ಕಾಯಿದೆ ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷಗಳ ಗಡುವು ಹಾಕಿತು. ಹಳೆಯ ಸಾಲ ಸಾಲಗಾರನನ್ನು ಜೀವನವಿಡೀ ಕಾಡಬಾರದೆಂಬುದು ಇಂಥ ಗಡುವಿನ ಹಿಂದಿನ ವಿಚಾರ. ಪರಿಣಾಮ ತಿರುವುಮುರುವಾಯಿತು. ಗಡುವು ಮುಗಿಯುವ ಮೊದಲೇ ಸಾಹುಕಾರ ರೈತನನ್ನು ಕರೆಸಿ, ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಕಾಗದ ಬರೆಸಿಕೊಳ್ಳತೊಡಗಿದ.

ಇದರ ಗಣಿತವನ್ನು ಒಂದು ಉದಾಹರಣೆಯಿಂದ ನೋಡೋಣ. ವರ್ಷಕ್ಕೆ ನೂರಕ್ಕೆ 24ರ ಬಡ್ಡಿಯಲ್ಲಿ 50 ರೂಪಾಯಿ ಸಾಲವೆಂದುಕೊಳ್ಳಿ. ಮೂರು ವರ್ಷಕ್ಕೆ ಬಡ್ಡಿ 36. ಹೊಸ ಕಾಗದ 86 ರೂಪಾಯಿಗೆ. ಇನ್ನು ಮೂರು ವರ್ಷ ಕಳೆದರೆ ಸುಮಾರು 148. ಒಂಬತ್ತನೆಯ ವರ್ಷದ ಕೊನೆಗೆ 254. ಬಡ್ಡಿ ಅಸಲನ್ನು ಮೀರಬಾರದು ಎಂಬ 'ದಾಮದುಪ್ಪಟ್ಟು' ನಿಯಮ ನಮ್ಮ ಹಳೆಯ ಧರ್ಮಶಾಸ್ತ್ರದಲ್ಲಿತ್ತು, ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಅದನ್ನು ಮನ್ನಿಸುತ್ತಿದ್ದವು. ಆ ನಿಯಮವನ್ನು ಮೂಲ 50 ರೂಪಾಯಿಗೆ ಹಚ್ಚಿದರೆ ಬಾಕಿ 100ನ್ನು ದಾಟುವಂತಿಲ್ಲ. ಆದರೆ ಹೊಸ ಕಾಗದದಲ್ಲಿ ಬಡ್ಡಿಯೇ ಅಸಲಿನ ವೇಷ ಹಾಕಿಕೊಂಡು ಕುಳಿತಿರುತ್ತಿತ್ತು. ನ್ಯಾಯಾಧೀಶನ ಕಣ್ಣಿಗೆ ಬೀಳುವುದು ಕೊನೆಯ ಕಾಗದ ಮಾತ್ರ. ಎಷ್ಟೋ ದಾವೆಗಳಲ್ಲಿ ರೈತ ಹಾಜರಾಗುತ್ತಲೂ ಇರಲಿಲ್ಲ. ಏಕಪಕ್ಷೀಯ ತೀರ್ಪು ಆಗಿಬಿಡುತ್ತಿತ್ತು.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ, ಯುದ್ಧ ಮುಗಿದ ಮೇಲೆ ಕುಸಿಯಿತು. ಏರಿದಾಗ ಸಾಲ ಸುಲಭವಾಗಿ ಸಿಕ್ಕಿತ್ತು. ಕುಸಿದಾಗ ವಸೂಲಿ ಬಿಗಿಯಾಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ದಂಗೆ ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿದ್ದು ಸಾಲದ ಕಾಗದ ಮತ್ತು ಖಾತೆ ಪುಸ್ತಕಗಳನ್ನು. ಸಿಕ್ಕಿದ್ದನ್ನು ಸುಟ್ಟರು. ಲೆಕ್ಕವನ್ನು ಪ್ರಶ್ನಿಸುವ ದಾರಿ ಇಲ್ಲದವರು ಲೆಕ್ಕದ ಪುಸ್ತಕಕ್ಕೇ ಬೆಂಕಿ ಇಟ್ಟರು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು.

ಸರಕಾರ ಆಯೋಗವೊಂದನ್ನು ನೇಮಿಸಿತು. ಅಷ್ಟರಲ್ಲಿ 1876-78ರ ಮಹಾಕ್ಷಾಮ ಬಂದು ಕಲಾದಗಿ ಜಿಲ್ಲೆಯನ್ನೂ ಹಿಂಡಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಜಾರಿಗೆ ಬಂತು. ಕೊನೆಯ ಕಾಗದವನ್ನಷ್ಟೇ ನೋಡಿ ತೀರ್ಪು ಕೊಡದೆ, ವ್ಯವಹಾರದ ಆರಂಭದಿಂದ ಅದರ ಚರಿತ್ರೆಯನ್ನು ನ್ಯಾಯಾಲಯ ವಿಚಾರಿಸಬೇಕು ಎಂಬುದು ಇದರ ತಿರುಳು. ಅಸಲು ಬೇರೆ, ಬಡ್ಡಿ ಬೇರೆ ಬರೆಯಬೇಕು. ಬಡ್ಡಿಗೆ ಬಡ್ಡಿ ಸೇರಿಸುವಂತಿಲ್ಲ. ಲೆಕ್ಕ ತೋರಿಸಿ ಎಂದು ಸಾಲಗಾರನೇ ದಾವೆ ಹೂಡಬಹುದು. ಹಣ ಪಡೆದವನು ಪಾವತಿ ಕೊಡಬೇಕು, ಕೇಳಿದರೆ ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು, ಪಾಸ್‌ಬುಕ್‌ನಲ್ಲಿ ಬರೆದುಕೊಡಬೇಕು. ಸಾಲದ ತೀರ್ಪಿಗಾಗಿ ರೈತನನ್ನು ಸೆರೆಗೆ ಹಾಕುವಂತಿಲ್ಲ.

ಆದರೆ ಮುಖ್ಯ ವಿಧಿಗಳು ಮೊದಲು ಅನ್ವಯವಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಭೀಮಾ ನದಿಯ ಆಚೆಯ ಸೊಲ್ಲಾಪುರದ ರೈತನಿಗೆ ಸಿಕ್ಕ ರಕ್ಷಣೆ ಈಚೆಯ ವಿಜಾಪುರದವನಿಗೆ ಸಿಗಲು ಹಲವು ವರ್ಷ ಹಿಡಿಯಿತು. 1905ರ ಹೊತ್ತಿಗೆ ಅವು ಪ್ರಾಂತದ ಉಳಿದ ಜಿಲ್ಲೆಗಳಿಗೂ ವಿಸ್ತಾರಗೊಂಡವು. ಅದೇ 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಒಬ್ಬನ ಪೆಟ್ಟಿಗೆಯಲ್ಲಿದ್ದ ಲೆಕ್ಕ ಸದಸ್ಯರೆಲ್ಲರ ಲೆಕ್ಕವಾಗುವ ದಾರಿ ಅಲ್ಲಿ ತೆರೆಯಿತು.

ಕಾಯಿದೆ ಎಲ್ಲವನ್ನೂ ಸರಿಪಡಿಸಲಿಲ್ಲ. ಕೆಲವರು ಅಡವಿನ ಬದಲು ಖರೀದಿ ಪತ್ರವನ್ನೇ ಬರೆಸಿಕೊಂಡರು. ಆಗ ಅದು ಮಾರಾಟ, ಸಾಲವಲ್ಲ! ಖರೀದಿ ಪತ್ರದ ಹಿಂದೆ ನಿಜವಾಗಿ ಏನಿತ್ತೆಂದು ನ್ಯಾಯಾಲಯ ನೋಡಬಹುದೆಂದು 1907ರಲ್ಲಿ ತಿದ್ದುಪಡಿ ಬಂತು. ಮುಂದೆ 1939 ಮತ್ತು 1947ರಲ್ಲಿ ಮುಂಬಯಿ ಶಾಸನಸಭೆ ಕೃಷಿಕ ಸಾಲಗಾರರ ಪರಿಹಾರಕ್ಕೆ ಹೊಸ ಕಾಯಿದೆಗಳನ್ನು ಮಾಡಿತು.

ಈಗ ನಮ್ಮ ಕಾಲಕ್ಕೆ ಬನ್ನಿ. ಖಾತೆ ಪುಸ್ತಕ ಕಂಪ್ಯೂಟರಿಗೆ ಬಂದಿದೆ. ನಮ್ಮ ದೇಶದ ಮೊದಲ ಕ್ರೆಡಿಟ್ ಮಾಹಿತಿ ಸಂಸ್ಥೆ ಸಿಬಿಲ್ ಸ್ಥಾಪನೆಯಾದದ್ದು 2000ದಲ್ಲಿ. ಇಂದು ಇಂಥ ನಾಲ್ಕು ಕಂಪನಿಗಳಿವೆ. ಬ್ಯಾಂಕುಗಳು ಸಾಲದ, ಕ್ರೆಡಿಟ್ ಕಾರ್ಡಿನ ವಿವರಗಳನ್ನು ಇವುಗಳಿಗೆ ಕಳಿಸುತ್ತವೆ. ಬಬಲೇಶ್ವರದ ವಿದ್ಯಾರ್ಥಿನಿಯೊಬ್ಬಳು ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದಳೆಂದುಕೊಳ್ಳಿ. ತಂದೆ ಎಂದೋ ತೀರಿಸಿದ ಕಾರ್ಡಿನ ಸಾಲ ವರದಿಯಲ್ಲಿ ಇನ್ನೂ ಬಾಕಿ ಎಂದೇ ಇದ್ದರೆ ಅರ್ಜಿ ತಿರಸ್ಕೃತವಾಗಬಹುದು. ಬಡ್ಡಿಯ ದರಕ್ಕಿಂತ ಒಂದು ತಪ್ಪು ನಮೂದು ಅವಳ ಓದಿಗೆ ದೊಡ್ಡ ಅಡ್ಡಿಯಾದೀತು.

ಇದಕ್ಕೆ ಇಂದು ದಾರಿಗಳಿವೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯಿದೆ ನಮ್ಮ ವರದಿಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಕೊಟ್ಟಿದೆ. ಪ್ರತಿ ಕಂಪನಿಯಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಲ್ಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಕ್ರೆಡಿಟ್ ಮಾಹಿತಿ ಕಂಪನಿಗಳನ್ನು 2022ರಲ್ಲಿ ಅವರ ವ್ಯಾಪ್ತಿಗೆ ತರಲಾಯಿತು.

ಹಳೆಯ ಸಾಲದ ಗಡುವೂ ಇದೆ. 1963ರ ಕಾಲಮಿತಿ ಕಾಯಿದೆಯಂತೆ ಕಾರ್ಡಿನಂಥ ಸಾಮಾನ್ಯ ಸಾಲಕ್ಕೆ ಮೂರು ವರ್ಷ. ಗಡುವು ಮೀರಿದ ಮೇಲೆ ದಾವೆಯ ಹಕ್ಕು ಹೋಗುತ್ತದೆ. ಸಾಲ ತಾನಾಗಿ ಅಳಿಸಿಹೋಗುವುದಿಲ್ಲ, ವರದಿಯಲ್ಲಿ ಉಳಿಯಬಹುದು. ಗಡುವಿನೊಳಗೆ ಸಾಲವನ್ನು ಒಪ್ಪಿ ಬರೆದುಕೊಟ್ಟರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಗಡುವು ಮುಗಿದ ಮೇಲೆ ಕೊಡುತ್ತೇನೆಂದು ಬರೆದು ಸಹಿ ಮಾಡಿದರೂ ಅದು ಹೊಸ ಕರಾರಾಗುತ್ತದೆ. ನೂರೈವತ್ತು ವರ್ಷಗಳ ಹಿಂದೆ ಸಾಹುಕಾರ ಹೊಸ ಕಾಗದ ಬರೆಸಿದ್ದು ನೆನಪಾಯಿತೇ? ಆದ್ದರಿಂದ ಓದದೆ ಸಹಿ ಮಾಡಬೇಡಿ. ನಿಜವಾದ ಸಾಲವನ್ನು ತೀರಿಸುವುದು ಧರ್ಮ. ಸುಳ್ಳು ಲೆಕ್ಕವನ್ನು ಪ್ರಶ್ನಿಸುವುದು ಹಕ್ಕು. ಎರಡಕ್ಕೂ ಬೇಕಾದದ್ದು ದಾಖಲೆ.

ಮಾಡಿ ನೋಡಿ: ಮನೆಯಲ್ಲಿರುವ ಪಾಸ್‌ಬುಕ್, ಸಹಕಾರಿ ಸಂಘದ ಪಾವತಿಗಳನ್ನು ಇಸವಿಯ ಪ್ರಕಾರ ಜೋಡಿಸಿ. ತೀರಿದ ಸಾಲಕ್ಕೆ 'ಬಾಕಿ ಇಲ್ಲ' ಎಂಬ ಪತ್ರ ಇದೆಯೇ ನೋಡಿ. ಇರದಿದ್ದರೆ ಬ್ಯಾಂಕಿಗೆ ಹೋಗಿ ಪಡೆಯುವಂತೆ ಹಿರಿಯರಿಗೆ ಹೇಳಿ. ಅಜ್ಜ, ಅಜ್ಜಿಯರನ್ನು ಹಳೆಯ ಸಾಲದ ಕಾಗದಗಳ ಬಗ್ಗೆ ಕೇಳಿ ಬರೆದುಕೊಳ್ಳಿ. ಬಳಿಕ ಮೇಲಿನ 50 ರೂಪಾಯಿಯ ಲೆಕ್ಕವನ್ನು ಹನ್ನೆರಡನೆಯ ವರ್ಷದವರೆಗೆ ಮುಂದುವರಿಸಿ, ದಾಮದುಪ್ಪಟ್ಟಿನ 100 ರೂಪಾಯಿಯೊಡನೆ ಹೋಲಿಸಿ ನೋಡಿ.